ಬೆನ್ನು ತೋರಿಸಿದ ಶಿಷ್ಯ

ಹೊಳೆದಂಡೆಯ ಮಠದಲ್ಲಿ ಮರುಳಯ್ಯಜ್ಜ ಅಂತ ಗುರುಗಳಿದ್ದರು. ಅವರ ಸೇವೆಗೆ ಅಡಿವೆಪ್ಪ. ಹುಡುಗನಾಗಿ ಬಂದವನು, ಅಲ್ಲೇ ತಲೆ ನೆರೆಸಿಕೊಂಡ.

ಗುರುವಿಗೆ ಬೆನ್ನು ತೋರಿಸಬಾರದು ಅನ್ನುವುದು ಮಠದ ನಡಾವಳಿ. ಅಡಿವೆಪ್ಪ ಒಂದು ಸಲವೂ ತೋರಿಸಿರಲಿಲ್ಲ. ಅಜ್ಜನ ಕೋಣೆಯಿಂದ ಹಿಂದಹಿಂದಕ್ಕೇ ಹೆಜ್ಜೆ ಇಟ್ಟು ಹೊರಗೆ ಬರುತ್ತಿದ್ದ.

ಬರಬರುತ್ತ ಅಜ್ಜನ ಕಾಲು ನೆಲ ಬಿಡದಾದವು. ಅಂಟು ಮೆತ್ತಿದ ಹಾಗೆ. ಕಾಲು ಅಗಲಿಸಿ ನಿಂತು, ಎಳೆದೆಳೆದು ನಡೆಯುವರು. ತಿರುಗುವಾಗ ವಾಲಿಬಿಡುವರು.

ಪಟ್ಟಣದ ಡಾಕ್ಟರು ಸ್ಕ್ಯಾನ್ ಮಾಡಿಸಿ, ತಲೆಯೊಳಗೆ ನೀರು ತುಂಬಿದೆ ಅಂದರು. ಸಣ್ಣ ಪೈಪು ಕೂರಿಸಿ ಇಳಿಸಬಹುದಿತ್ತು, ಆದರೆ ಇವರ ಎದೆ ಆಪರೇಷನ್ ತಡೆಯುವುದಿಲ್ಲ ಅಂದರು.

ಅಡಿವೆಪ್ಪ ಕಣ್ಣೊರೆಸಿಕೊಂಡ. ಅಜ್ಜ ನಕ್ಕರು.

"ನಾ ಹೊಳಿಗೆ ಹೋಗೋದು ಬಿಟ್ಟೆ. ಹೊಳಿನ ನನ್ನ ತಲಿಗೆ ಬಂತು ನೋಡು."

ಒಂದು ಮುಂಜಾನೆ ಅಜ್ಜ ಅಂದರು: "ನಮ್ಮ ಗುರುಗಳ ಗದ್ದಿಗಿಗೆ ಹೋಗಬೇಕು. ಇನ್ನೊಂದ ಸಲ ಹಣಿ ಹಚ್ಚಿ ಬರ್ತೀನಿ."

ಆ ಗುರುಗಳ ಸಮಾಧಿಯ ಗದ್ದುಗೆ ಇದ್ದದ್ದು ಹೊಳೆಯ ಒಡ್ಡಿನ ಆಚೆ ತುದಿಗೆ. ಒಡ್ಡಿನ ಮೇಲೆ ಒಬ್ಬರು ನಡೆಯುವಷ್ಟೇ ದಾರಿ.

"ಹೊತ್ಕೊಂಡು ಹೋಗ್ತೀನ್ರಿ, ಅಜ್ಜಾರ."

"ಹೊರೋ ದಿನ ಬ್ಯಾರೆ ಐತಿ. ಇವತ್ತ ನಡಿಯೂಣು."

ಅಡಿವೆಪ್ಪ ಎಂದಿನಂತೆ ಹಿಂದೆ ನಡೆದ. ಸ್ವಲ್ಪ ದೂರಕ್ಕೇ ಅಜ್ಜ ಮುಗ್ಗರಿಸಿದರು. ಹಿಂದಿನಿಂದ ಚಾಚಿದ ಕೈಗೆ ಶಾಲು ಮಾತ್ರ ಸಿಕ್ಕಿತು. ಮೊಳಕಾಲು ತರಚಿ ರಕ್ತ ಬಂತು.

"ಶಾಲು ಉಳಿಸಿದೆಪಾ," ಅಂದರು ಅಜ್ಜ.

ಅಡಿವೆಪ್ಪ ಮುಂದೆ ಬಂದ. ಗುರುವಿನ ಮುಖ ನೋಡುತ್ತ, ಎರಡೂ ಕೈ ಹಿಡಿದು, ಹಿಂದಹಿಂದಕ್ಕೆ ನಡೆದ. ಕೋಣೆಯಲ್ಲಿ ರೂಢಿಯಾದ ನಡಿಗೆ ಒಡ್ಡಿನ ಮೇಲೆ ಕೈಕೊಟ್ಟಿತು. ಕಲ್ಲು ಎಡವಿ ಬಿದ್ದ, ಅಜ್ಜನನ್ನೂ ಎಳೆದುಕೊಂಡು ಬಿದ್ದ.

ಇಬ್ಬರೂ ಮಣ್ಣಲ್ಲಿ ಕೂತರು.

"ನನ್ನ ಕಾಲು ನನ್ನ ಮಾತ ಕೇಳವಲ್ವು. ನಿನಗ ದಾರಿ ಕಾಣವಲ್ದು," ಅಂದರು ಅಜ್ಜ. "ಎದ್ದು ತಿರುಗಿ ನಿಲ್ಲು."

"ನಿಮಗ ಬೆನ್ನ ತೋರಸಲೇನ್ರಿ?"

"ನನಗ ಹೆಗಲು ಬೇಕಾಗೇತಿ. ಅದು ಬೆನ್ನಿನ ಕಡೆನ ಐತಿ."

ಅಜ್ಜನನ್ನು ಎಬ್ಬಿಸಿ ನಿಲ್ಲಿಸಿ, ಅಡಿವೆಪ್ಪ ತಿರುಗಿದ. ಎರಡು ಕೈ ಹೆಗಲ ಮೇಲೆ ಕೂತವು. ಭಾರವಾಗಿ.

ಒಂದು ಹೆಜ್ಜೆ ಇಟ್ಟು ನಿಂತ. ಹಿಂದೆ ಕಾಲೆಳೆದ ಸಪ್ಪಳ ಬಂತು. ಮತ್ತೊಂದು ಇಟ್ಟ.

ಬಿಸಿಲೇರಿತು. ಗದ್ದುಗೆ ಇನ್ನೂ ದೂರವಿತ್ತು. ಇಷ್ಟು ವರ್ಷ ಕಣ್ಣೆದುರು ಇದ್ದ ಮುಖ ಈಗ ಕಾಣುತ್ತಿರಲಿಲ್ಲ. ಅಡಿವೆಪ್ಪನಿಗೆ ತಡೆಯಲಾಗಲಿಲ್ಲ.

"ಅಜ್ಜಾರ, ನೀವು ನನಗ ಕಾಣವಲ್ರಿ. ನೀವು ಇಲ್ಲದಂಗ ಆದ್ರ ನನಗ ಹೆಂಗ ತಿಳೀಬೇಕ್ರಿ?"

ಹಿಂದಿನ ಕೈಗಳು ಹೆಗಲನ್ನು ಮೆಲ್ಲಗೆ ಅದುಮಿದವು.

"ಹೆಗಲು ಹಗುರ ಆಕ್ಕೈತಿ. ಇನ್ನೂ ಆಗಿಲ್ಲಲ್ಲ. ನಡಿ."