ತಕ್ಕಡಿಗೆ ಸಿಗದ ನೇರಳೆ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಶಾಲೆಯ ವಿಜ್ಞಾನದ ಮೇಷ್ಟ್ರು ಗುರುಬಸಯ್ಯನವರು.

ಒಂದು ಪ್ರಯೋಗಶಾಲೆಯಲ್ಲಿ ಸೀಸೆಯ ದ್ರವಕ್ಕೆ ತಾಮ್ರದ ಪುಡಿ ಹಾಕಿ ಔಷಧ ಮಾಡುತ್ತಿದ್ದರು. ಕೆಲಸ ಮುಗಿದ ಮೇಲೆ ತಾಮ್ರವನ್ನು ತೂಗಿದ ತಕ್ಕಡಿ ಹೇಳಿತು: "ಏನಯ್ಯಾ ತಾಮ್ರ, ಹೋಗುವಾಗ ಎಷ್ಟಿದ್ದೆಯೋ ಬರುವಾಗಲೂ ಅಷ್ಟೇ ಇದ್ದೀಯ. ಮದುವೆ ಮನೆಗೆ ಹೋಗಿ ಒಂದು ಎಲೆಯನ್ನೂ ಎತ್ತದೆ ಬಂದವನ ಹಾಗೆ! ಇನ್ನು ನಿನಗೆ ಕಸದ ಡಬ್ಬಿಯೇ ಗತಿ."

"ಸ್ವಾಮಿ, ನಡುವೆ ನಾನು ದ್ರವದೊಡನೆ ಸೇರಿ ಬೇರೆಯೇ ಒಬ್ಬನಾಗುತ್ತೇನೆ. ಅವನು ಕಣ್ಣು ಮಿಟುಕಿಸುವಷ್ಟರಲ್ಲಿ ಒಡೆದು, ಔಷಧ ಕೊಟ್ಟು, ನನ್ನನ್ನು ಹಿಂದಕ್ಕೆ ಬಿಡುತ್ತಾನೆ" ಎಂದಿತು ತಾಮ್ರ.

"ಹಾಗಾದರೆ ಅವನನ್ನು ನನ್ನ ತಟ್ಟೆಯ ಮೇಲೆ ಕೂರಿಸು."

"ಅಷ್ಟು ಹೊತ್ತು ಅವನು ಬದುಕುವುದಿಲ್ಲ."

"ಸಾಕ್ಷಿ ಹೇಳಬೇಕಾದವನು ಯಾವಾಗಲೂ ಊರಲ್ಲಿರುವುದಿಲ್ಲ!" ಎಂದು ತಕ್ಕಡಿ ನಕ್ಕಿತು.

ಪಕ್ಕದಲ್ಲಿದ್ದ ಮಂಜುಗಡ್ಡೆ, "ನನ್ನ ಮಡಿಲಿಗೆ ಬನ್ನಿ. ಚಳಿಗೆ ಎಲ್ಲರೂ ನಿಧಾನವಾಗುತ್ತಾರೆ" ಎಂದಿತು. ತಾಮ್ರ ಹೊಸ ದ್ರವದ ಸೀಸೆಗಿಳಿಯಿತು, ಸೀಸೆ ಮಂಜುಗಡ್ಡೆಯ ಮಡಿಲಿಗಿಳಿಯಿತು. ಬಣ್ಣವಿಲ್ಲದ ದ್ರವ ಮೆಲ್ಲನೆ ನೇರಳೆಯಾಯಿತು.

"ನಾನೇ ಅವನು" ಎಂದಿತು ನೇರಳೆ.

ತಕ್ಕಡಿ ಬೆರಗಾಗಿ, "ಇರಪ್ಪಾ, ಅಲ್ಲೇ ಇರು, ತೂಗಿಬಿಡುತ್ತೇನೆ!" ಎಂದಿತು.

"ನೋಡಿದಿರಲ್ಲ, ಸಾಕು. ನಾನು ಹೀಗೇ ಉಳಿದರೆ ಔಷಧ ಹುಟ್ಟುವುದಿಲ್ಲ. ಅಕ್ಕಾ, ನನ್ನನ್ನು ಬಿಡು."

ಮಂಜುಗಡ್ಡೆ ಬಿಟ್ಟಿತು. ಬಣ್ಣ ಹೋಯಿತು, ಔಷಧ ಬಂತು, ತಾಮ್ರ ತಳದಲ್ಲಿ ಕೂತಿತು. ತಕ್ಕಡಿ ಅದನ್ನು ತೂಗಲಿಲ್ಲ. ಕಸದ ಡಬ್ಬಿಯ ಮಾತೆತ್ತದೆ, ತಾಮ್ರ ಮುಂದಿನ ಸೀಸೆಗೆ ಹೋಗಲು ದಾರಿ ಬಿಟ್ಟಿತು.

ದೇವರು ನಿಮಗೆ ಒಳ್ಳೆಯದು ಮಾಡಲಿ. ಕೇಳಿದ ನೀವು ಇದನ್ನು ಇನ್ನೊಬ್ಬರ ಕಿವಿಗೂ ಹಾಕಿ.