ಡಬ್ಬದಲ್ಲಿ ನಾಲ್ಕನೆಯ ಪ್ಲಗ್

ಹಳೆಯ ಪೆಟ್ರೋಲ್ ಕಾರೊಂದು ಎಂಜಿನ್ ಆಯಿಲ್ ಕುಡಿಯುತ್ತ, ದಾರಿಯುದ್ದಕ್ಕೂ ಕಿಡಿ ತಪ್ಪಿ ಮಿಸ್ ಹೊಡೆಯುತ್ತಿತ್ತು. ಒಳಗೆ ಎಣ್ಣೆಯಲ್ಲಿ ತೊಯ್ದ ಸ್ಪಾರ್ಕ್ ಪ್ಲಗ್ ಸವೆದ ಪಿಸ್ಟನ್ ರಿಂಗಿನ ಮೇಲೆ ಕೆಂಡಾಮಂಡಲವಾಯಿತು: "ಎಣ್ಣೆಯನ್ನು ಕೆಳಗೇ ತಡೆಯುವುದು ನಿಮ್ಮ ಕೆಲಸ. ನೀವು ಅದನ್ನು ಮೇಲಕ್ಕೆ ಬಿಟ್ಟರೆ ನಾನು ಕಿಡಿ ಹಾರಿಸುವುದು ಹೇಗೆ?"

"ಈ ಕಾರು ಹುಟ್ಟಿದಾಗಿನಿಂದ ನಾನಿದ್ದೇನೆ. ತಿಂಗಳ ಹಿಂದೆ ಬಂದವನು ನೀನು, ನನಗೆ ಬುದ್ಧಿ ಹೇಳಬೇಡ," ಎಂದಿತು ರಿಂಗ್.

ಅಷ್ಟರಲ್ಲಿ ಕಾರು ಗ್ಯಾರೇಜು ತಲುಪಿತು; ಮೆಕ್ಯಾನಿಕ್ ಬಾನೆಟ್ ಎತ್ತಿದ. ರಿಂಗ್ ನೋಡಬೇಕಾದರೆ ಇಡೀ ಎಂಜಿನ್ ಬಿಚ್ಚಬೇಕು. ಪ್ಲಗ್ ಕೈಗೇ ಸಿಗುತ್ತದೆ. "ಇದೇ ಕೆಟ್ಟಿರುವುದು," ಎಂದು ಅದನ್ನು ಕಿತ್ತು ಗುಜರಿ ಡಬ್ಬಕ್ಕೆಸೆದ.

ಅಲ್ಲಿ ಆಗಲೇ ಅದೇ ಜಾಗದಿಂದ ಕಿತ್ತ ಮೂರು ಪ್ಲಗ್‌ಗಳಿದ್ದವು, ಮೂರರ ಮೈಗೂ ಅದೇ ಎಣ್ಣೆ. "ಹಿರಿಯರು ನಿನ್ನ ಬಾಯಿಯನ್ನೂ ಹೀಗೇ ಮುಚ್ಚಿಸಿದರೇ?" ಎಂದು ಒಂದು ಕೇಳಿತು.

ಪ್ಲಗ್ ಉತ್ತರಿಸುವ ಮೊದಲೇ ಮೆಕ್ಯಾನಿಕ್ ಐದನೆಯದನ್ನು ತಿರುಗಿಸಿ ಕೂರಿಸಿದ್ದ.