ಮಡಿ ಚಕ್ರ

ತುಂಗಭದ್ರೆಯ ದಡದಲ್ಲಿ ಒಂದು ತಗಡಿನ ಶೆಡ್ಡು. ಅದರೊಳಗೆ ಕಾಳಪ್ಪಾಚಾರ್ರು ಇಬ್ಬರು ಕೂರುವಂಥ ಪುಟ್ಟ ವಿಮಾನವೊಂದನ್ನು ಕಟ್ಟುತ್ತಿದ್ದರು.

ಮೂವತ್ತು ವರ್ಷ ವಿಮಾನದ ಕಾರ್ಖಾನೆಯಲ್ಲಿ ತಗಡು ಬಡಿದು ನಿವೃತ್ತರಾದವರು. ಊರಿನವರಿಗೆ ಅವರ ಮೇಲೆ ಗೌರವವೂ ಇತ್ತು, ಒಂದಿಷ್ಟು ನಗೆಯೂ ಇತ್ತು. ಎತ್ತಿನ ಗಾಡಿಗೆ ಪಟ್ಟಿ ಹೊಡೆಯುತ್ತಿದ್ದವರ ಮಗ ರೆಕ್ಕೆ ಕಟ್ಟಲು ಹೊರಟರೆ ನಗದೆ ಇನ್ನೇನು ಮಾಡುತ್ತಾರೆ.

ತಿಪ್ಪೇಶ ನಲವತ್ತು ದಾಟಿದವನು. ಪಂಪ್‌ಸೆಟ್ ರಿಪೇರಿ ಅವನ ಕಸುಬು. ಒಂದು ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ನಿಂತು, ತನಗೂ ಈ ಕೆಲಸ ಕಲಿಸಬೇಕು ಎಂದು ಕೇಳಿದ.

ಆಚಾರ್ರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವರ ಹೆಂಡತಿ ಗೌರಮ್ಮ ಎರಡು ಲೋಟ ಕಾಫಿ ತಂದಿಟ್ಟರು. ಎರಡೂ ಒಂದೇ ಜೊತೆಯ ಲೋಟ.

ತಿಪ್ಪೇಶನ ಕೇರಿಯವರಿಗೆ ಊರ ಮನೆಗಳಲ್ಲಿ ಲೋಟ ಬೇರೆ ಇರುತ್ತಿತ್ತು, ಅದನ್ನು ತೊಳೆದಿಡುವ ಜಾಗವೂ ಬೇರೆ. ಅವನು ಕಾಫಿ ಕುಡಿದ. ಕುಡಿದವನು ಅಲ್ಲೇ ಉಳಿದುಬಿಟ್ಟ. ಆ ಲೋಟದ ಋಣ ಹೇಗೆ ತೀರಿಸುವುದೋ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡ.

ಮೊದಲ ಪಾಠ ಚಕ್ರದ್ದು.

ಕತ್ತರಿಸಿದ ತಗಡಿನ ಅಂಚಿನಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ಮುಳ್ಳು ಏಳುತ್ತವೆ, ಅವನ್ನು ಬಿಟ್ಟರೆ ನಾಳೆ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ ಎಂದರು ಆಚಾರ್ರು. ಗೋಡೆಗೆ ಮೂರು ಚಕ್ರ ನೇತುಹಾಕಿತ್ತು. ಮುಳ್ಳು ತೆಗೆಯಲು ಯಾವುದು ಬೇಕೆಂದು ಕೇಳಿದರು.

ತಿಪ್ಪೇಶ ಬೂದು ಬಣ್ಣದ ಗಟ್ಟಿ ಸಾಣೆಕಲ್ಲು ತೋರಿಸಿದ. ಇಪ್ಪತ್ತು ವರ್ಷದಿಂದ ಅವನ ಕೈಗೆ ಒಗ್ಗಿದ್ದು ಅದೇ.

ಆಚಾರ್ರು ಕಲ್ಲನ್ನು ಮೋಟಾರಿಗೆ ಕೂಡಿಸಿ, ಅಲ್ಯೂಮಿನಿಯಂ ಚೂರೊಂದನ್ನು ಒಂದು ಗಳಿಗೆ ಅದಕ್ಕೆ ಹಿಡಿದು ತೋರಿಸಿದರು. ಕಲ್ಲಿನ ಮೈಗೆ ಬೆಳ್ಳಿ ಮೆತ್ತಿಕೊಂಡಿತು. ಚೂರು ಕೈಸುಡುವಷ್ಟು ಕಾಯಿತು. ಮುಳ್ಳು ಮಾತ್ರ ಇದ್ದಲ್ಲೇ ಇತ್ತು.

"ಇದು ಕಬ್ಬಿಣ ತಿಂದು ಬೆಳೆದ ಕಲ್ಲು. ಮೆತ್ತಗಿರೋದು ತಿನ್ನಿಸಿದ್ರೆ ಅಜೀರ್ಣ ಆಗುತ್ತೆ."

ಎರಡನೆಯದು ನಾರಿನ ಚಕ್ರ, ಆದರೆ ಬಿಗಿಯಾಗಿ ಒತ್ತಿ ಮಾಡಿದ್ದು. ಅದಕ್ಕೆ ಹಿಡಿದರೆ ಮುಳ್ಳು ಹೋಯಿತು, ಅದರ ಹಿಂದೆಯೇ ಅಂಚೂ ಹೋಯಿತು.

"ಕ್ಷೌರ ಮಾಡು ಅಂದ್ರೆ ಕಿವಿ ಕೊಯ್ಯಬಾರದು" ಎಂದರು.

ಮೂರನೆಯದೂ ನಾರಿನದೇ. ಪಾತ್ರೆ ತಿಕ್ಕುವ ನಾರಿನ ಹಾಗೆ ಮೆತ್ತಗಿತ್ತು. ತಗಡು ತಾಗಿದ ಕಡೆ ತಾನೇ ಬಗ್ಗಿಕೊಟ್ಟು, ಮುಳ್ಳನ್ನಷ್ಟೇ ಒರೆಸಿಕೊಂಡು ಹೋಯಿತು. ಆಮೇಲೆ ಆಚಾರ್ರು ಗೌರಮ್ಮ ದೇವರ ದೀಪಕ್ಕೆಂದು ಹೊಸೆದಿಟ್ಟ ಹತ್ತಿಯ ಬತ್ತಿ ತೆಗೆದು ಅಂಚಿನ ಮೇಲೆ ಎಳೆದರು. ಒಂದು ಎಳೆಯೂ ಸಿಕ್ಕಿಕೊಳ್ಳಲಿಲ್ಲ. ಎಳೆ ಸಿಕ್ಕಿದರೆ ಮುಳ್ಳು ಉಳಿದಿದೆ ಎಂದು ಅರ್ಥ. ಶೆಡ್ಡಿನ ಪರೀಕ್ಷೆ ಅಷ್ಟೇ.

ಆ ಚಕ್ರಕ್ಕೆಂದೇ ಬೇರೆ ಇಟ್ಟಿದ್ದ ಮೋಟಾರಿನ ಮೇಲೆ ಸೀಮೆಸುಣ್ಣದಲ್ಲಿ ಒಂದೇ ಮಾತು ಬರೆದಿತ್ತು: ಮಡಿ.

"ಇದಕ್ಕೆ ಕಬ್ಬಿಣ ಮುಟ್ಟಿಸಬೇಡ. ಇದು ಮಡಿ."

ತಿಪ್ಪೇಶನ ಮುಖ ಇಳಿಯಿತು. ಆ ಮಾತನ್ನು ಅವನು ಬಾಗಿಲಾಚೆ ನಿಂತೇ ಕಲಿತವನು. ಯಾಕೆ ಎಂದು ಕೇಳಲಿಲ್ಲ. ಆಚಾರ್ರೂ ಹೇಳಲಿಲ್ಲ.

ಎರಡು ವರ್ಷ ಕಳೆಯಿತು. ರೆಕ್ಕೆಯನ್ನು ಒಡಲಿಗೆ ಕೂಡಿಸುವ ನಾಲ್ಕು ಪಟ್ಟಿಗಳನ್ನು ಮಾಡುವ ಕೆಲಸ ತಿಪ್ಪೇಶನ ಪಾಲಿಗೆ ಬಂತು. ಮೊಳದುದ್ದದ ಅಲ್ಯೂಮಿನಿಯಂ ಪಟ್ಟಿಗಳು, ಇಡೀ ವಿಮಾನದ ಭಾರ ಅವುಗಳ ಮೇಲೆ.

"ಇದನ್ನ ಮಾಡಿದೋನು ಮೊದಲನೇ ಸಲ ನನ್ನ ಪಕ್ಕದ ಸೀಟಲ್ಲಿ ಕೂರ್ತಾನೆ" ಎಂದರು ಆಚಾರ್ರು.

ತಿಪ್ಪೇಶ ಅದನ್ನು ಹೆಂಡತಿಗೂ ಹೇಳಲಿಲ್ಲ. ದೃಷ್ಟಿಯಾದೀತು ಎಂದು ಭಯ. ಎರಡು ತಿಂಗಳು ತೂತು ಕೊರೆದ, ಅರ ಹಾಕಿದ, ಅಳತೆ ನೋಡಿದ. ಅಂಚಿನ ಕೆಲಸ ಆಯುಧಪೂಜೆಯ ಹಿಂದಿನ ದಿನಕ್ಕೆ ಬಂತು.

ಅವತ್ತು ಬೆಳಿಗ್ಗೆಯೇ ಸಾಣೆಕಲ್ಲು, ಸುತ್ತಿಗೆ, ಇಕ್ಕಳಗಳನ್ನೆಲ್ಲ ತೊಳೆದು ಕುಂಕುಮವಿಟ್ಟು ಪೂಜೆಗೆ ಕೂಡಿಸಿದ್ದರು. ಪೂಜೆಗೆ ಕೂತ ಹತ್ಯಾರವನ್ನು ಮತ್ತೆ ಎತ್ತುವ ಹಾಗಿಲ್ಲ. ಪಟ್ಟಿಗಳ ಕೆಲಸ ಉಳಿದಿದ್ದರಿಂದ ಮೆತ್ತನೆಯ ಚಕ್ರವೊಂದು ಮಾತ್ರ ಹೊರಗಿತ್ತು.

ಆಗ ಗೌರಮ್ಮ ಈಳಿಗೆಮಣೆ ಹಿಡಿದು ಬಂದರು. ಪೂಜೆಗೆ ಇದನ್ನೂ ಇಡಬೇಕು, ಮೊಂಡಾಗಿ ಕೂತಿದೆ, ಒಂಚೂರು ಹರಿತ ಮಾಡಿಕೊಡಪ್ಪ ಎಂದರು.

ಎರಡು ವರ್ಷ ಅನ್ನ ಹಾಕಿದ ಕೈ. ಆಗಲ್ಲ ಅನ್ನಲು ತಿಪ್ಪೇಶನಿಗೆ ಬಾಯಿ ಬರಲಿಲ್ಲ. ಕುಂಕುಮವಿಟ್ಟ ಕಲ್ಲನ್ನು ಎಬ್ಬಿಸಲೂ ಮನಸ್ಸಾಗಲಿಲ್ಲ. ಸೀಮೆಸುಣ್ಣದ ಮಾತು ಕಣ್ಣಿಗೆ ಬಿತ್ತು. ಕಬ್ಬಿಣಕ್ಕೆಂಥ ಮೈಲಿಗೆ ಎಂದುಕೊಂಡು ಈಳಿಗೆಯ ಅಲಗನ್ನು ಆ ಚಕ್ರಕ್ಕೇ ಹಿಡಿದ. ಎರಡು ನಿಮಿಷದ ಕೆಲಸ.

ಮಧ್ಯಾಹ್ನ ಅದೇ ಚಕ್ರದಲ್ಲಿ ಮೊದಲು ತಗಡಿನ ಚೂರೊಂದರ ಅಂಚು ಒರೆಸಿ ನೋಡಿ ಅದನ್ನು ಕಿಟಕಿಯ ಮೇಲಿಟ್ಟ. ಆಮೇಲೆ ನಾಲ್ಕೂ ಪಟ್ಟಿಗಳನ್ನು ಮುಗಿಸಿದ. ಹತ್ತಿ ಎಲ್ಲೂ ಸಿಕ್ಕಲಿಲ್ಲ. ಆಚಾರ್ರು ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡಿ, ಮರುದಿನ ಅವುಗಳ ಪಕ್ಕದಲ್ಲೊಂದು ಹೂವಿಟ್ಟರು. ಅವರ ಹೊಗಳಿಕೆ ಅಷ್ಟರಲ್ಲೇ ಮುಗಿಯುತ್ತಿತ್ತು, ತಿಪ್ಪೇಶನಿಗೂ ಅಷ್ಟು ಸಾಕಿತ್ತು.

ಹತ್ತು ದಿನ ಕಳೆದ ಮೇಲೆ, ಒಂದು ಬುಧವಾರ, ಕಿಟಕಿಯ ಮೇಲೆ ಬಿಟ್ಟಿದ್ದ ಆ ಚೂರು ಅವನ ಕಣ್ಣಿಗೆ ಬಿತ್ತು. ಹೊಳೆಯ ಇಬ್ಬನಿಗೆ ನೆನೆದಿತ್ತು. ಅಂಚಿನ ಉದ್ದಕ್ಕೂ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳು.

ಪಂಪ್‌ಸೆಟ್ ಬಿಚ್ಚುವವನಿಗೆ ತುಕ್ಕಿನ ಪರಿಚಯ ಮಾಡಿಸಬೇಕೆ? ಆದರೆ ಅಲ್ಯೂಮಿನಿಯಂ ಕೆಂಪು ತುಕ್ಕು ಹಿಡಿಯುವುದಿಲ್ಲ. ತಿಪ್ಪೇಶನಿಗೆ ಈಳಿಗೆಮಣೆ ನೆನಪಾಯಿತು. ಅದರ ಪುಡಿ ಚಕ್ರದೊಳಗೆ ಹೊಕ್ಕು, ಚಕ್ರದಿಂದ ತಗಡಿನೊಳಗೆ ಹೊಕ್ಕಿತ್ತು.

ಓಡಿಹೋಗಿ ಪಟ್ಟಿಗಳನ್ನು ನೋಡಿದ. ಮೂರರಲ್ಲಿ ಏನೂ ಕಾಣಲಿಲ್ಲ. ನಾಲ್ಕನೆಯದರಲ್ಲಿ ಎರಡು ಚುಕ್ಕೆ. ಬಟ್ಟೆಯಲ್ಲಿ ಒರೆಸಿದ, ಹೋದವು. ಹತ್ತಿ ಎಳೆದ, ಸಲೀಸಾಗಿ ಜಾರಿತು.

ಶುಕ್ರವಾರ ಪಟ್ಟಿಗಳನ್ನು ಕೂಡಿಸಿ ರಿವೆಟ್ ಹೊಡೆಯುವುದು ಎಂದು ಗೊತ್ತಾಗಿತ್ತು. ಆಮೇಲೆ ತಗಡು ಮುಚ್ಚಿಕೊಳ್ಳುತ್ತದೆ, ಯಾರಿಗೂ ಕಾಣುವುದಿಲ್ಲ. ಒಳಗೆ ಉಳಿದ ಕಬ್ಬಿಣ ಸುತ್ತಲಿನ ಲೋಹವನ್ನು ಮೆಲ್ಲಗೆ ತಿನ್ನುತ್ತದೆ. ಒಂದು ವರ್ಷಕ್ಕೋ, ಐದು ವರ್ಷಕ್ಕೋ. ಅಷ್ಟು ಹೊತ್ತಿಗೆ ಸೀಟಿನಲ್ಲಿ ಆಚಾರ್ರು ಇರುತ್ತಾರೆ.

ಹೇಳಿಬಿಡೋಣವೆಂದರೆ, ಹಿಂದೊಬ್ಬ ಶಿಷ್ಯ ತಪ್ಪಿ ಕೊರೆದ ತೂತನ್ನು ಬಣ್ಣ ಬಳಿದು ಮುಚ್ಚಿದ್ದಕ್ಕೆ ಆಚಾರ್ರು ಅವನನ್ನು ಅವತ್ತೇ ಕಳಿಸಿಬಿಟ್ಟಿದ್ದು ತಿಪ್ಪೇಶನಿಗೆ ಗೊತ್ತಿತ್ತು. ಸೀಟು ಹೋಗಲಿ, ಶೆಡ್ಡೂ ಹೋಗುತ್ತದೆ, ಆ ಲೋಟವೂ ಹೋಗುತ್ತದೆ.

ಬುಧವಾರ ತಟ್ಟೆಯಲ್ಲಿ ಅನ್ನ ಬಿಟ್ಟ. ಗುರುವಾರವೂ ಬಿಟ್ಟ. ಅಡುಗೆ ರುಚಿಯಾಗಿಲ್ಲವೇನೋ ಎಂದು ಗೌರಮ್ಮ ನೊಂದುಕೊಂಡರು.

ಶುಕ್ರವಾರ ಬೆಳಿಗ್ಗೆ ಆಚಾರ್ರು ರಿವೆಟ್ ಸುತ್ತಿಗೆ ಎತ್ತಿಕೊಂಡಾಗ ತಿಪ್ಪೇಶ ಅವರ ಕೈ ಹಿಡಿದ.

"ಹೊಡೀಬೇಡಿ ಗುರುಗಳೇ. ಆ ಚಕ್ರಕ್ಕೆ ಅಮ್ಮನ ಈಳಿಗೆ ಹಿಡಿದಿದ್ದೆ. ಅದ್ರಲ್ಲೇ ಪಟ್ಟಿ ಮಾಡಿದ್ದು. ಬುಧವಾರನೇ ಗೊತ್ತಾಯ್ತು, ಹೇಳೋಕೆ ಧೈರ್ಯ ಸಾಲಲಿಲ್ಲ. ಎರಡು ದಿನದಿಂದ ಗಂಟಲಲ್ಲಿ ಅನ್ನ ಇಳೀತಿಲ್ಲ."

ಚುಕ್ಕೆ ಬಿದ್ದ ಚೂರನ್ನು ಅವರ ಅಂಗೈಯಲ್ಲಿಟ್ಟ.

ಆಚಾರ್ರು ಕನ್ನಡಕ ಮೇಲೇರಿಸಿ ಅದನ್ನು ನೋಡಿದರು.

"ಮುಟ್ಟಿಸಬೇಡ ಅಂದಿದ್ದೆನಲ್ಲ. ಯಾಕೆ ಮುಟ್ಟಿಸಿದೆ?"

"ಮಡಿ ಅಂದ್ರಿ. ಆ ಮಾತು ನನಗೆ ಆಗಿಬರಲ್ಲ. ಅದಕ್ಕೇ ಸಸಾರ ಮಾಡಿದೆ."

ಆಚಾರ್ರು ಸುತ್ತಿಗೆ ಕೆಳಗಿಟ್ಟರು. ಎದ್ದು ಹೋಗಿ, ಮೋಟಾರಿನ ಮೇಲಿದ್ದ ಸೀಮೆಸುಣ್ಣದ ಮಾತನ್ನು ತಮ್ಮ ಹೆಗಲ ವಸ್ತ್ರದಿಂದ ಒರೆಸಿದರು. ಅಲ್ಲಿ 'ಅಲ್ಯೂಮಿನಿಯಂ ಮಾತ್ರ' ಎಂದು ಬರೆದರು.

"ತಪ್ಪು ನಂದೂ ಇದೆ. ಯಾಕೆ ಅಂತ ಹೇಳದ ಮಡಿ ಬರೀ ಜಂಬ."

ಕೆಟ್ಟ ಚಕ್ರವನ್ನು ಬಿಚ್ಚಿ ಗೌರಮ್ಮನನ್ನು ಕೂಗಿದರು. ಇನ್ನು ಮೇಲೆ ಇದು ನಿನ್ನ ಈಳಿಗೆಮಣೆಗೇ ಎಂದು ಕೊಟ್ಟರು. ಗೌರಮ್ಮ ಏನೊಂದೂ ತಿಳಿಯದೆ, ಸಿಕ್ಕಿದ್ದೇ ಲಾಭ ಎಂದು ತೆಗೆದುಕೊಂಡು ಹೋದರು.

ನಾಲ್ಕು ಪಟ್ಟಿಗಳನ್ನೂ ಆಚಾರ್ರು ಗುಜರಿ ಡಬ್ಬಕ್ಕೆ ಹಾಕಿದರು. ಒಂದೊಂದೂ ಬಿದ್ದ ಸದ್ದು ತಿಪ್ಪೇಶನ ಎದೆಗೆ ತಾಗಿತು. ಚುಕ್ಕೆ ಇದ್ದದ್ದು ಒಂದರಲ್ಲಿ ಮಾತ್ರ, ಮಿಕ್ಕವನ್ನು ಉಜ್ಜಿದರೆ ಬಹುಶಃ ಸರಿಹೋಗುತ್ತವೆ ಎಂದ.

"ಬಹುಶಃ ಅನ್ನೋದರ ಮೇಲೆ ಕೂತು ಹಾರೋಕಾಗಲ್ಲ" ಎಂದರು ಆಚಾರ್ರು.

ತಿಪ್ಪೇಶ ತನ್ನ ಚೀಲ ಹೆಗಲಿಗೇರಿಸಿದ. ಎರಡು ವರ್ಷ ಕಲಿಸಿದ್ದಕ್ಕೆ, ಜೊತೆಗೆ ಕೂಡಿಸಿ ಉಣಿಸಿದ್ದಕ್ಕೆ ನಮಸ್ಕಾರ ಮಾಡಿ ಹೋಗುತ್ತೇನೆ ಎಂದು ಬಗ್ಗಿದ. ಆಚಾರ್ರು ಅವನ ರಟ್ಟೆ ಹಿಡಿದು ನಿಲ್ಲಿಸಿದರು.

"ನನ್ನ ಕಣ್ಣಿಗೆ ಕಾಣಲಿಲ್ಲ ತಿಪ್ಪೇಶ. ಮೂವತ್ತು ವರ್ಷದ ಕಣ್ಣು ಇದು. ಇವತ್ತು ರಿವೆಟ್ ಹೊಡೆದುಬಿಡ್ತಿದ್ದೆ. ಹಿಂದಿನೋನು ಮುಚ್ಚಿಟ್ಟ, ಹೋದ. ನೀನು ಬಿಚ್ಚಿಟ್ಟೆ, ಎಲ್ಲಿಗೆ ಹೋಗ್ತೀಯ?"

ಎಪ್ಪತ್ತು ದಾಟಿದ ಆ ಮನುಷ್ಯ ಶಿಷ್ಯನಿಗೆ ಕೈ ಮುಗಿದರು. ತಿಪ್ಪೇಶ ಗಾಬರಿಯಾಗಿ ಆ ಕೈಗಳನ್ನು ಹಿಡಿದುಕೊಂಡ. ಇಬ್ಬರಿಗೂ ಕಣ್ಣು ತುಂಬಿತ್ತು.

ಆಚಾರ್ರು ಕಪಾಟಿನಿಂದ ಹೊಸ ಚಕ್ರ ತೆಗೆದು ಅವನ ಕೈಗೆ ಕೊಟ್ಟರು. ಹೊಸ ಪಟ್ಟಿಗೆ ತಗಡೂ ಅಳೆದು ಕೊಟ್ಟರು. ಪಕ್ಕದ ಸೀಟಿಗೆ ಬೇರೆ ಯಾರನ್ನೂ ಹುಡುಕುವುದಿಲ್ಲ, ನಿಧಾನವಾಗಿ ಮಾಡು ಎಂದರು.

ತಿಪ್ಪೇಶ ಚಕ್ರವನ್ನು ಮೋಟಾರಿಗೆ ಕೂಡಿಸಿದ. ಹತ್ತಿಯ ಬತ್ತಿ ಎತ್ತಿಕೊಂಡು ಅದನ್ನೇ ನೋಡುತ್ತ ನಿಂತ.

"ಗುರುಗಳೇ, ಅವತ್ತು ಹತ್ತಿ ಎಲ್ಲೂ ಸಿಕ್ಕಲಿಲ್ಲ. ಇಂಥಾದ್ದನ್ನ ಇನ್ನು ಯಾವುದ್ರಿಂದ ನೋಡ್ಲಿ?"

"ಎರಡು ದಿನ ಅನ್ನ ಇಳೀಲಿಲ್ಲ ಅಂದೆಯಲ್ಲ, ಆ ಗಂಟಲಿಂದ."